ಮಧ್ಯಾಹ್ನ ಒಂದು ಗಂಟೆಗೆ ಮಗು ಯಾರ ಕೈಯಲ್ಲಿರುತ್ತದೆ?

*ಡೇಕೇರೋ, ಖಾಸಗಿ ಪ್ಲೇಗ್ರೂಪೋ? ನಾಶಿಕ್ ಮತ್ತು ಸಂಭಾಜಿನಗರದ ನಮ್ಮ ಕನ್ನಡ ಮನೆಗಳಿಗೆ ಕೆಲವು ಮಾತು*



ಈ ಸಲದ ಮಳೆಗಾಲದ ಶುರುವಿನಲ್ಲಿ ನನ್ನ ಓಪಿಡಿಗೆ ಒಬ್ಬ ಅಜ್ಜಿ ಬಂದಿದ್ದರು. ವಯಸ್ಸು 63, ಊರು ವಿಜಯಪುರದ ಕಡೆ. ಮಗನಿಗೆ ನಾಶಿಕ್‌ನ ಅಂಬಡ್ ಎಂಐಡಿಸಿಯಲ್ಲಿ ಕೆಲಸ. ಸೊಸೆ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ಅಜ್ಜಿಯ ಸೊಂಟದ ಮೇಲೆ ಎರಡು ವರ್ಷ ಎರಡು ತಿಂಗಳಿನ ಮೊಮ್ಮಗ. ಮೆಟ್ಟಿಲು ಹತ್ತಿದರೆ ಎದೆ ಬಿಗಿದಂತಾಗುತ್ತದೆ, ಉಸಿರು ಸಾಲುವುದಿಲ್ಲ ಎಂಬ ದೂರು. ಬಿಪಿ ನೋಡಿದೆ: 190/110.

"ಯಾಕ್ರಿ ಅವ್ವಾರ, ಬಿಪಿ ಗುಳಿಗಿ ತಗೊಳ್ಳೂದಿಲ್ಲೇನ್ರಿ?"

"ಊರಾಗ ದಿನಾ ತಗೋತಿದ್ದೆರಿ ಸಾಹೇಬ್ರ. ಇಲ್ಲೆ ಬಂದ ಹದಿನೈದ ದಿನಕ್ಕ ತೀರಿದ್ವು. ಈ ಹುಡುಗನ್ನ ಎತಗೊಂಡು ಮೂರ ಮಜಲಾ ಇಳದು ಔಷಧ ಅಂಗಡಿಗಿ ಹ್ಯಾಂಗ ಹೋಗ್ಲಿರಿ? ಮಗಗ ಹೇಳಬೇಕಂದ್ರ ಅವ್ನೂ ದಣದು ಬಂದಿರ್ತಾನ."

ಪಕ್ಕದಲ್ಲಿ ನಿಂತಿದ್ದ ಮಗ ಮೆಲ್ಲಗೆ ಹೇಳಿದರು: "ಹುಡುಗನ್ನ ಪ್ಲೇಗ್ರೂಪಿಗೆ ಹಾಕೀವಲ್ರಿ ಡಾಕ್ಟ್ರ, ಅವ್ವಗ ಮುಂಜಾನೆ ಆರಾಮ ಸಿಗ್ತದ ಅಂತ."

ಆ ಆರಾಮದ ಲೆಕ್ಕ ಹಾಕಿ ನೋಡೋಣ ಅಂದೆ. ಪ್ಲೇಗ್ರೂಪ್ ಬೆಳಿಗ್ಗೆ 9.30ರಿಂದ 12ರವರೆಗೆ. ಬಿಡಲು ಒಮ್ಮೆ, ಕರೆತರಲು ಒಮ್ಮೆ ಅಜ್ಜಿ ಮೂರು ಮಹಡಿ ಹತ್ತಿ ಇಳಿಯಬೇಕು. ನಡುವೆ ಸಿಗುವ ಒಂದೂವರೆ ಗಂಟೆಯಲ್ಲಿ ಅಡುಗೆ, ಬಟ್ಟೆ. 12ರಿಂದ ಸಂಜೆ 6.30ರವರೆಗೆ ಮಗು ಪೂರ್ತಿ ಅಜ್ಜಿಯ ಕೈಯಲ್ಲಿ. ಮನೆಗೆ ಬೇಕಾಗಿದ್ದದ್ದು 9 ಗಂಟೆಯ ಆಸರೆ. ದುಡ್ಡು ಕೊಟ್ಟು ಕೊಂಡದ್ದು ಎರಡೂವರೆ ಗಂಟೆ.

ಇಂಥ ಅಜ್ಜಿಯರನ್ನು ನಾನು ನಾಶಿಕ್‌ನಲ್ಲೂ ನೋಡುತ್ತೇನೆ, ತಿಂಗಳಿಗೆ ಎರಡು ಸಲ ಹೋಗುವ ಛತ್ರಪತಿ ಸಂಭಾಜಿನಗರದಲ್ಲೂ ನೋಡುತ್ತೇನೆ. ನಾನು ಹೃದಯದ ಡಾಕ್ಟರು, ಮಕ್ಕಳ ಡಾಕ್ಟರಲ್ಲ. ಆದರೂ ಈ ವಿಷಯದ ಬಗ್ಗೆ ಬರೆಯಲು ಅದೇ ಕಾರಣ. ಮಗುವಿನ ಬಗ್ಗೆ ಮಾಡಿದ ತೀರ್ಮಾನದ ಬಿಲ್ಲು ಕೆಲವೊಮ್ಮೆ ನನ್ನ ಟೇಬಲ್ಲಿಗೆ ಬರುತ್ತದೆ.

*ಎರಡರ ಕೆಲಸ ಬೇರೆ ಬೇರೆ*

ಇಲ್ಲಿನ ಬೋರ್ಡುಗಳಲ್ಲಿ ಮರಾಠಿಯಲ್ಲಿ "ಪಾಳಣಾಘರ" ಎಂದು ಬರೆದಿರುತ್ತಾರೆ. ಅಂದರೆ ತೊಟ್ಟಿಲ ಮನೆ. ಡೇಕೇರ್ ಅನ್ನುವುದು ಇದಕ್ಕೇ. ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುತ್ತಿರುವ "ಕೂಸಿನ ಮನೆ"ಯೂ ಇದೇ ಜಾತಿಯದು. ಇದರ ಕೆಲಸ ಮಗುವಿಗೆ ಊಟ ಮಾಡಿಸುವುದು, ಮಲಗಿಸುವುದು, ಬಟ್ಟೆ ಬದಲಿಸುವುದು, ಆಡಿಸುವುದು, ತಂದೆತಾಯಿ ಬರುವವರೆಗೆ ಕಾಯುವುದು.

ಪ್ಲೇಗ್ರೂಪ್, ನರ್ಸರಿ, ಜೂನಿಯರ್ ಕೆಜಿ, ಸೀನಿಯರ್ ಕೆಜಿ ಇವೆಲ್ಲ ಶಾಲೆಯ ಮೊದಲ ಮೆಟ್ಟಿಲುಗಳು. ಎರಡು, ಮೂರು ಗಂಟೆ ಹಾಡು, ಬಣ್ಣ, ಅಕ್ಷರ. ಬೇಸಿಗೆ ರಜೆ, ದೀಪಾವಳಿ ರಜೆ ಎಲ್ಲ ಇರುತ್ತದೆ. ನಿಮ್ಮ ಕಾರ್ಖಾನೆಗೆ ಆ ರಜೆಗಳಿರುವುದಿಲ್ಲ.

ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: *ವಾರದ ಆರೂ ದಿನ, ಮಧ್ಯಾಹ್ನ ಒಂದು ಗಂಟೆಗೆ ನನ್ನ ಮಗು ಯಾರ ಕೈಯಲ್ಲಿರುತ್ತದೆ?* ಅವರು ಗಟ್ಟಿಮುಟ್ಟಾಗಿದ್ದಾರೆಯೇ, ಬೇರೆ ಕೆಲಸವಿಲ್ಲದೆ ಇದ್ದಾರೆಯೇ, ಅವರಿಗೆ ಇದು ಇಷ್ಟವೇ? ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಪ್ಲೇಗ್ರೂಪ್ ನಡೆಯುತ್ತದೆ. ಇಲ್ಲವಾದರೆ ನಿಮಗೆ ಬೇಕಾದದ್ದು ಒಳ್ಳೆಯ ಪಾಳಣಾಘರ.

ಫೀಸು ಹೋಲಿಸುವಾಗಲೂ ವರ್ಷದ ಮೊತ್ತ ನೋಡಬೇಡಿ. ಯೂನಿಫಾರ್ಮ್, ವ್ಯಾನ್, ಆ್ಯಕ್ಟಿವಿಟಿ ಫೀ ಎಲ್ಲ ಸೇರಿಸಿ, ಎಷ್ಟು ಗಂಟೆಯ ಆಸರೆ ಸಿಗುತ್ತದೋ ಅದರಿಂದ ಭಾಗಿಸಿ. ಅಗ್ಗ ಅನ್ನಿಸಿದ್ದು ಎಷ್ಟೋ ಸಲ ದುಬಾರಿಯಾಗಿರುತ್ತದೆ.

*ಎರಡು ವರ್ಷಕ್ಕೇ ಶಾಲೆ ಬೇಕೇ?*

"ಬೇಗ ಸೇರಿಸದಿದ್ದರೆ ಹಿಂದೆ ಬೀಳುತ್ತದೆ" ಎಂಬ ಭಯ ಎಲ್ಲರಲ್ಲೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಿಕೆಯ ಮೊದಲ ಹಂತವನ್ನು 3ರಿಂದ 8 ವರ್ಷ ಎಂದು ಗುರುತಿಸಿದೆ. 3ಕ್ಕಿಂತ ಮೊದಲು ತರಗತಿ ಎಂಬುದೇ ಅದರಲ್ಲಿಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಎರಡು ಮಾರ್ಗದರ್ಶಿಗಳನ್ನು ತಂದಿತು. ಹುಟ್ಟಿನಿಂದ 3 ವರ್ಷದವರಿಗೆ "ನವಚೇತನಾ", 3ರಿಂದ 6ರವರಿಗೆ "ಆಧಾರಶಿಲಾ". ಮೊದಲನೆಯದರಲ್ಲಿ ಇರುವುದು ಮಗುವಿನೊಂದಿಗೆ ಮಾತು, ಆಟ, ಮುದ್ದು, ಆರೈಕೆ. ಇದನ್ನು ಒಳ್ಳೆಯ ಪಾಳಣಾಘರದ ಮಾವಶಿಯೂ ಮಾಡಬಲ್ಲಳು.

ವಯಸ್ಸಿನ ನಿಯಮವನ್ನೂ ತಿಳಿದಿರಿ. ಮಹಾರಾಷ್ಟ್ರದಲ್ಲಿ ನರ್ಸರಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 3 ವರ್ಷ, ಒಂದನೇ ತರಗತಿಗೆ 6 ವರ್ಷ ತುಂಬಬೇಕು. ಕರ್ನಾಟಕದಲ್ಲಿ ಒಂದನೇ ತರಗತಿಗೆ ನೋಡುವ ದಿನ ಜೂನ್ 1. ಇಲ್ಲಿ ಆದಷ್ಟು ಬೇಗ ಸೇರಿಸಿ, ಮುಂದೆ ವರ್ಗವಾಗಿ ಊರಿಗೆ ಹೋದರೆ ವಯಸ್ಸು ಸಾಲದೆ ಮಗು ಅದೇ ತರಗತಿಯಲ್ಲಿ ಮತ್ತೆ ಕೂರಬೇಕಾಗಬಹುದು. ಊರಿಗೆ ಮರಳುವ ಯೋಚನೆ ಇರುವವರು ಎರಡೂ ಕಡೆಯ ಆ ವರ್ಷದ ನಿಯಮ ವಿಚಾರಿಸಿಯೇ ಹೆಜ್ಜೆ ಇಡಿ.

ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನವೊಂದಿದೆ. ಮಗುವಿನ ಬೆಳವಣಿಗೆಯ ಮೇಲೆ ಹೆಚ್ಚು ಪರಿಣಾಮ ಬೀರಿದ್ದು ಮನೆಯೇ. ಡೇಕೇರಿನ ಪರಿಣಾಮ ಅದಕ್ಕಿಂತ ಚಿಕ್ಕದು. ನೋಡಿಕೊಳ್ಳುವವರು ಚೆನ್ನಾಗಿ ಮಾತಾಡಿಸುತ್ತಿದ್ದ ಕಡೆ ಮಕ್ಕಳ ಭಾಷೆ ಸ್ವಲ್ಪ ಮುಂದಿತ್ತು. ತುಂಬಾ ಹೆಚ್ಚು ಗಂಟೆ ಕಳೆದ ಮಕ್ಕಳಲ್ಲಿ ಹಟ, ಜಗಳ ಸ್ವಲ್ಪ ಹೆಚ್ಚಿತ್ತು. ಅಂದರೆ ಬೋರ್ಡಿನ ಮೇಲಿನ ಹೆಸರಿಗಿಂತ ಒಳಗಿನ ಮನುಷ್ಯರು ಮುಖ್ಯ. ಹಾಗೆಯೇ ಸಂಜೆ ಆದಷ್ಟು ಬೇಗ ಕರೆದುಕೊಂಡು ಬರುವುದೂ ಮುಖ್ಯ.

*ಮಹಾರಾಷ್ಟ್ರದ ಮಣ್ಣಿನ ಒಂದು ಪಾಠ*

ಈ ರಾಜ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಬೋರ್ಡಿಯಲ್ಲಿ, ಆಮೇಲೆ ಈಗಿನ ಪಾಲ್ಘರ್ ಜಿಲ್ಲೆಯ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ನಡುವೆ ಅವರು ಕೆಲಸ ಮಾಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದಾಗ ಅವರ ಮನೆಯ ಅಂಗಳಕ್ಕೇ ಬಾಲವಾಡಿಯನ್ನು ಕೊಂಡೊಯ್ದರು. ಇನ್ನೊಂದು ತೊಡಕಿತ್ತು. ದೊಡ್ಡ ಹುಡುಗಿಯರು ಕಂಕುಳಲ್ಲಿ ತಮ್ಮ ತಂಗಿಯರನ್ನು ಹೊತ್ತುಕೊಂಡು ಮನೆಯಲ್ಲೇ ಉಳಿಯುತ್ತಿದ್ದರು. ಅದಕ್ಕೆ ಪಾಳಣಾಘರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ತಂದರು. ಕೂಸು ತೊಟ್ಟಿಲಲ್ಲಿ, ಅಕ್ಕ ತರಗತಿಯಲ್ಲಿ.

ಕೂಸನ್ನು ಹೊತ್ತವರ ಬದುಕನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಅಂದು ಅಕ್ಕ, ಇಂದು ನಮ್ಮ ಮನೆಗಳಲ್ಲಿ ಅಜ್ಜಿ.

*ನಿಮಗೆ ಇರುವ ಹಕ್ಕುಗಳು*

ತುಂಬಾ ಜನರಿಗೆ ಗೊತ್ತಿಲ್ಲದ ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ರಜೆ 26 ವಾರಕ್ಕೆ ಏರಿದ್ದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು ಎಂಬ ನಿಯಮವೂ ಬಂತು. ಸಾತಪುರ, ಅಂಬಡ್, ಸಿನ್ನರ್, ವಾಳೂಜ್, ಚಿಕಲಠಾಣಾ, ಶೇಂದ್ರಾ ಕಡೆ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಎಚ್‌ಆರ್ ವಿಭಾಗದಲ್ಲಿ ಒಮ್ಮೆ ಕೇಳಿ. ಹಲವು ಕಂಪನಿಗಳು ಸೇರಿ ಒಂದೇ ಕಡೆ ನಡೆಸಲೂ ಅವಕಾಶವಿದೆ.

ಸರ್ಕಾರದ "ಪಾಲನಾ" ಯೋಜನೆಯಲ್ಲಿ ಕೆಲವು ಅಂಗನವಾಡಿಗಳು 6 ತಿಂಗಳಿನಿಂದ 6 ವರ್ಷದ ಮಕ್ಕಳಿಗೆ ಶಿಶುಪಾಲನಾ ಕೇಂದ್ರವಾಗಿಯೂ ನಡೆಯುತ್ತವೆ. ನಿಮ್ಮ ವಾರ್ಡಿನ ಅಂಗನವಾಡಿ ಸೇವಿಕೆಯನ್ನು ವಿಚಾರಿಸಿ.

ಹೃದಯದ ಡಾಕ್ಟರಾಗಿ ಇನ್ನೊಂದು ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಹುಟ್ಟಿನಿಂದಲೇ ಇರುವ ಹೃದಯದ ತೊಂದರೆಗಳನ್ನೂ ಹುಡುಕುತ್ತದೆ. ಖಾಸಗಿ ಡೇಕೇರ್, ಪ್ಲೇಗ್ರೂಪಿಗೆ ಹೋಗುವ ಮಗು ಈ ತಪಾಸಣೆಯಿಂದ ತಪ್ಪಿಹೋಗಬಹುದು. ಎಲ್ಲಿಗೇ ಸೇರಿಸಿ, ಸೇರಿಸುವ ಮೊದಲು ಮಕ್ಕಳ ಡಾಕ್ಟರಿಂದ ಎದೆಗೆ ಸ್ಟೆತಾಸ್ಕೋಪ್ ಇಡಿಸಿ, ತೂಕ, ಎತ್ತರ ಬರೆಸಿ, ಬಾಕಿ ಇರುವ ಲಸಿಕೆ ಹಾಕಿಸಿ.

*ಹೃದಯದಲ್ಲಿ ರಂಧ್ರ ಇರುವ ಮಗುವನ್ನು ಕಳುಹಿಸಬಹುದೇ?*

ಸಂಭಾಜಿನಗರದ ಬಜಾಜ್‌ನಗರದಲ್ಲಿರುವ, ಕಲಬುರಗಿ ಮೂಲದ ದಂಪತಿ ಕೇಳಿದ ಪ್ರಶ್ನೆ ಇದು. ಮಗಳಿಗೆ ಎರಡು ವರ್ಷ, ಹೃದಯದ ಕೆಳಕೋಣೆಗಳ ನಡುವೆ ಚಿಕ್ಕ ರಂಧ್ರ. ಹೆದರಿ ಮನೆಯಿಂದ ಹೊರಗೇ ಬಿಟ್ಟಿರಲಿಲ್ಲ. ಇಂಥ ಚಿಕ್ಕ ರಂಧ್ರಗಳಲ್ಲಿ ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ತೂಕ ಚೆನ್ನಾಗಿ ಏರುತ್ತಿದ್ದು, ಎಕೋ ಪರೀಕ್ಷೆಯಲ್ಲಿ ಹೃದಯದ ಮೇಲೆ ಹೊರೆ ಇಲ್ಲ ಎಂದು ಬಂದರೆ ಆ ಮಗು ಎಲ್ಲರಂತೆ ಓಡಬಹುದು, ಆಡಬಹುದು, ಡೇಕೇರಿಗೂ ಹೋಗಬಹುದು. ಅವರಿಗೂ ಹಾಗೆಯೇ ಹೇಳಿದೆ.

ಆದರೆ ಹಾಲು ಕುಡಿಯುವಾಗ ಅಥವಾ ಊಟ ಮಾಡುವಾಗ ಬೆವರುವುದು, ಸುಮ್ಮನಿದ್ದಾಗಲೂ ಉಸಿರಾಟ ವೇಗವಾಗಿರುವುದು, ತೂಕ ಏರದಿರುವುದು, ತುಟಿ ನೀಲಿಯಾಗುವುದು, ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು ಇದ್ದರೆ ಮೊದಲು ಪರೀಕ್ಷೆ, ಆಮೇಲೆ ಡೇಕೇರ್ ಮಾತು.

*ಶೀತ, ಕೆಮ್ಮು ಬಂದೇ ಬರುತ್ತದೆ*

ಹತ್ತು ಮಕ್ಕಳ ನಡುವೆ ಬಿಟ್ಟ ಮಗುವಿಗೆ ಮೊದಲ ವರ್ಷ 8ರಿಂದ 12 ಸಲ ನೆಗಡಿ ಆಗುವುದು ಸಾಮಾನ್ಯ. ಡೇಕೇರ್ ಕೆಟ್ಟದು ಎಂಬುದಕ್ಕೆ ಇದು ಗುರುತಲ್ಲ. ಅಮೆರಿಕದ ಟ್ಯೂಸಾನ್ ನಗರದಲ್ಲಿ ನಡೆದ ಅಧ್ಯಯನದಲ್ಲಿ, ದೊಡ್ಡ ಡೇಕೇರಿಗೆ ಹೋದ ಮಕ್ಕಳಿಗೆ ಎರಡನೇ ವಯಸ್ಸಿನಲ್ಲಿ ನೆಗಡಿ ಹೆಚ್ಚಿತ್ತು, ಶಾಲೆಯ ವಯಸ್ಸಿಗೆ ಬಂದಾಗ ಉಳಿದವರಿಗಿಂತ ಕಡಿಮೆಯಿತ್ತು. ಈ ಸರದಿ ಈಗಲೋ ಆಗಲೋ ಬರುವುದೇ. ಆದ್ದರಿಂದ ಮೊದಲ ಆರು ತಿಂಗಳಿಗೆ ಗಂಡ ಹೆಂಡತಿ ಇಬ್ಬರೂ ಒಂದಿಷ್ಟು ರಜೆ ಉಳಿಸಿಟ್ಟುಕೊಳ್ಳಿ.

ಎರಡು ತಪ್ಪು ಮಾತ್ರ ಬೇಡ. ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ ಕಳುಹಿಸಿಬಿಡಬೇಡಿ. ಔಷಧದ ಪ್ರಭಾವ ಇಳಿದಾಗ ಮಗು ನರಳುತ್ತದೆ, ಉಳಿದ ಮಕ್ಕಳಿಗೂ ಅಂಟಿಸುತ್ತದೆ. ಮತ್ತೆ, 4 ವರ್ಷದೊಳಗಿನ ಮಗುವಿಗೆ ಡಾಕ್ಟರನ್ನು ಕೇಳದೆ ಅಂಗಡಿಯಿಂದ ಶೀತ ಕೆಮ್ಮಿನ ಸಿರಪ್ ತಂದು ಹಾಕಬೇಡಿ.

1ರಿಂದ 5 ವರ್ಷದ ಮಗು ಸುಮ್ಮನಿದ್ದಾಗ ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ನೀರು ಕುಡಿಯದೆ ಮಂಕಾಗಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಿ.

*ಕನ್ನಡ ಮರೆತುಬಿಡುತ್ತದಾ?*

ಮನೆಯಲ್ಲಿ ಕನ್ನಡ, ಮಾವಶಿಯ ಮರಾಠಿ, ಪಕ್ಕದ ಮನೆಯ ಹಿಂದಿ, ಪ್ಲೇಗ್ರೂಪಿನ ಇಂಗ್ಲಿಷ್. "ಇಷ್ಟೆಲ್ಲ ಭಾಷೆಯಿಂದಲೇ ಮಾತು ತಡವಾಯಿತು" ಎಂದು ಕೆಲವರು ಕನ್ನಡವನ್ನೇ ನಿಲ್ಲಿಸುತ್ತಾರೆ. ಅದು ತಪ್ಪು. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತು ನಿಲ್ಲುವುದಿಲ್ಲ. ಎರಡು ವರ್ಷಕ್ಕೆ ಎಲ್ಲ ಭಾಷೆ ಸೇರಿ ಐವತ್ತರಷ್ಟು ಪದ, "ಅವ್ವ ಬಾ", "ಪಾಣೀ ಬೇಕು" ಎಂಬಂಥ ಎರಡು ಪದದ ಜೋಡಣೆ ಬರಬೇಕು. ಬಾರದಿದ್ದರೆ ಭಾಷೆಯನ್ನು ದೂರದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಮಾವಶಿಯ ಮರಾಠಿ ಮಗುವಿಗೆ ಈ ಊರನ್ನು ತನ್ನದಾಗಿಸುತ್ತದೆ. ಕನ್ನಡ ಉಳಿಸುವುದು ನಮ್ಮ ಕೆಲಸ. ಮನೆಗೆ ಬಂದ ಮೇಲೆ ಟಿವಿ ಬಂದ್ ಮಾಡಿ, ಊಟದ ಹೊತ್ತು ಕನ್ನಡ ಮಾತು, ಮಲಗುವ ಹೊತ್ತು ಒಂದು ಕಥೆ. ದಿನಕ್ಕೆ ಒಂದು ಗಂಟೆ ಹೀಗೆ ಸಿಕ್ಕರೂ ಸಾಕಷ್ಟು ಉಳಿಯುತ್ತದೆ.

*ನೋಡಲು ಹೋದಾಗ ಇಷ್ಟು ಕೇಳಿ*

ಸೇರಿಸುವ ಮೊದಲು ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಮಧ್ಯಾಹ್ನ ಹೋಗಿ ನೋಡಿ. ಡೇಕೇರಿಗೂ ಪ್ಲೇಗ್ರೂಪಿಗೂ ಇದೇ ಪಟ್ಟಿ.

1. *ಎಷ್ಟು ಮಕ್ಕಳಿಗೆ ಒಬ್ಬರು?* ಅಮೆರಿಕದ ಮಕ್ಕಳ ವೈದ್ಯರ ಸಂಘದ ಶಿಫಾರಸು ಒಂದರಿಂದ ಮೂರು ವರ್ಷದ 4 ಮಕ್ಕಳಿಗೆ ಒಬ್ಬರು. ನಮ್ಮಲ್ಲಿ ಅಷ್ಟು ಸಿಗುವುದು ಕಷ್ಟ. ಆದರೆ 15 ಪುಟ್ಟ ಮಕ್ಕಳಿಗೆ ಒಬ್ಬಳೇ ಮಾವಶಿ ಇದ್ದರೆ ವಾಪಸ್ ಬನ್ನಿ.

2. *ಅದೇ ಮಾವಶಿ ಎಷ್ಟು ದಿನದಿಂದ ಇದ್ದಾರೆ?* ತಿಂಗಳಿಗೊಬ್ಬರು ಬದಲಾದರೆ ಮಗು ಯಾರನ್ನೂ ನಂಬುವುದಿಲ್ಲ.

3. *ನಿದ್ದೆ ಎಲ್ಲಿ?* ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 1ರಿಂದ 2 ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ, 3ರಿಂದ 4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಗಾಳಿಯಾಡುವ, ಸದ್ದಿಲ್ಲದ ಮೂಲೆ ಇದೆಯೇ ನೋಡಿ.

4. *ಓಡಾಡಲು ಜಾಗ ಇದೆಯೇ?* ಇದೇ ಮಾರ್ಗಸೂಚಿ ದಿನಕ್ಕೆ 3 ಗಂಟೆಯ ಚಟುವಟಿಕೆ ಹೇಳುತ್ತದೆ. ಬೆಂಚಿನಲ್ಲಿ ಕೂರಿಸಿ ಅಕ್ಷರ ತಿದ್ದಿಸುವ ಜಾಗ ಎರಡು ವರ್ಷದ ಮಗುವಿಗಲ್ಲ.

5. *ಟಿವಿ, ಮೊಬೈಲ್ ಎಷ್ಟು ಹೊತ್ತು?* ಒಂದು ವರ್ಷದ ಮಗುವಿಗೆ ಪರದೆಯೇ ಬೇಡ. ಎರಡು ದಾಟಿದ ಮೇಲೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ.

6. *ಊಟ ಏನು?* ವರಣ ಭಾತ, ಖಿಚಡಿ, ಹಣ್ಣು ಸಾಕು. ಇಡೀ ಶೇಂಗಾ, ಇಡೀ ದ್ರಾಕ್ಷಿ, ಗಟ್ಟಿ ಚಿಕ್ಕಿ ಬೇಡ. ನಾಶಿಕ್‌ನಲ್ಲಿ ದ್ರಾಕ್ಷಿ ಮನೆಮನೆಯಲ್ಲಿರುತ್ತದೆ. ಪುಟ್ಟ ಮಕ್ಕಳಿಗೆ ಉದ್ದುದ್ದ ಸೀಳಿಯೇ ಕೊಡಬೇಕು.

7. *ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?* ಒಂದು ವರ್ಷ ದಾಟಿದ ಮಗು ಕೆಮ್ಮಲಾಗದೆ, ದನಿ ಹೊರಡದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ 5 ಏಟು, ಹೊರಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು, ವಸ್ತು ಹೊರಬರುವವರೆಗೆ ಹೀಗೇ ಮಾಡುತ್ತಿರಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದು ಗೊತ್ತಿರುವವರು ಒಬ್ಬರಾದರೂ ಅಲ್ಲಿರಬೇಕು. ನಿಮ್ಮ ಮನೆಯಲ್ಲೂ ಇರಬೇಕು.

8. *ಹೇಳದೆ ಬಂದರೆ ಒಳಗೆ ಬಿಡುತ್ತೀರಾ?* ಬೇಡ ಅಂದರೆ ಆ ಜಾಗವೇ ಬೇಡ.

ಮೊದಲ ಎರಡು ಮೂರು ವಾರ ಮಗು ಬೆಳಿಗ್ಗೆ ಅಳುತ್ತದೆ, ಅದು ಸಹಜ. ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ ಹೀಗೆ ಹೆಚ್ಚಿಸಿ. ಬೆಳಿಗ್ಗೆಯ ಅಳುವಿಗಿಂತ ಸಂಜೆಯ ಮುಖ ನೋಡಿ. ಒಂದು ತಿಂಗಳಾದರೂ ಸಂಜೆ ಮಂಕಾಗಿದ್ದರೆ, ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ, ಮಾವಶಿಯನ್ನು ಕಂಡು ಹೆದರಿದರೆ, ಮೈಮೇಲೆ ಗಾಯದ ಗುರುತು ಇದ್ದರೆ ಅಲ್ಲಿಂದ ಬಿಡಿಸಿ.

*ಅಜ್ಜಿಯ ಎದೆಯೂ ಎದೆಯೇ*

ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ದಾದಿಯರನ್ನು ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ವಾರಕ್ಕೆ 9 ಗಂಟೆ ಅಥವಾ ಹೆಚ್ಚು ಹೊತ್ತು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಆದರೆ ಜರ್ಮನಿಯ ಬರ್ಲಿನ್ ನಗರದ ಇನ್ನೊಂದು ಅಧ್ಯಯನದಲ್ಲಿ, ಆಗಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರು ಹೆಚ್ಚು ಕಾಲ ಬದುಕಿದ್ದರು. ಎರಡನ್ನೂ ಸೇರಿಸಿ ನನಗೆ ಅನ್ನಿಸುವುದು ಇಷ್ಟು: ಮೊಮ್ಮಗು ಅಜ್ಜಿಗೆ ಔಷಧವೇ, ಆದರೆ ಡೋಸ್ ಮೀರಬಾರದು.

ಊರಿನಿಂದ ಅವ್ವನನ್ನು ಕರೆಸುವವರಿಗೆ ನನ್ನ ಬೇಡಿಕೆ. ಮೂರು ತಿಂಗಳ ಗುಳಿಗೆ, ಹಳೆಯ ಇಸಿಜಿ, ಚೀಟಿಗಳು ಜೊತೆಗೆ ಬರಲಿ. ಬಂದ ವಾರದಲ್ಲೇ ಬಿಪಿ, ಶುಗರ್ ನೋಡಿಸಿ. ದಿನಕ್ಕೆ ಅರ್ಧ ಗಂಟೆ ಮಗುವಿಲ್ಲದೆ ಒಬ್ಬರೇ ನಡೆದಾಡಲಿ. ವಾರಕ್ಕೆ ಒಂದು ದಿನ ಪೂರ್ತಿ ರಜೆ ಇರಲಿ. ಕನ್ನಡ ಮಾತಾಡುವ ಒಬ್ಬ ಗೆಳತಿಯನ್ನು ಹುಡುಕಿಕೊಡಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಹೊಸದಾಗಿ ಶುರುವಾದ ಆಯಾಸ, ತಣ್ಣನೆ ಬೆವರು ಇವನ್ನು "ದಣಿವು", "ಗ್ಯಾಸ್" ಎಂದು ತಳ್ಳಿಹಾಕಬೇಡಿ. ಹೆಂಗಸರಲ್ಲಿ ಹೃದಯಾಘಾತ ಹೀಗೂ ಬರುತ್ತದೆ.

ಮೊದಲು ಹೇಳಿದ ಅಜ್ಜಿಯ ಮಾತು ಮುಗಿಸುತ್ತೇನೆ. ಇಸಿಜಿ, ಎಕೋ ಮಾಡಿದೆವು, ಗುಳಿಗೆ ಮತ್ತೆ ಶುರುವಾಯಿತು. ಪ್ಲೇಗ್ರೂಪಿಗೆ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಆದರೂ ಮನೆಯವರು ಗಟ್ಟಿ ಮನಸ್ಸು ಮಾಡಿ, ಮನೆಯಿಂದ ಐದು ನಿಮಿಷದ ದಾರಿಯಲ್ಲಿ, ನೆಲಮಹಡಿಯಲ್ಲಿರುವ ಒಂದು ಪಾಳಣಾಘರಕ್ಕೆ ಹುಡುಗನನ್ನು ಸೇರಿಸಿದರು. ಬೆಳಿಗ್ಗೆ ಅಪ್ಪ ಬಿಡುತ್ತಾರೆ. 4 ಗಂಟೆಗೆ ಮಾವಶಿಯೇ ಮನೆಗೆ ತಂದು ಬಿಡುತ್ತಾರೆ. ಮೊದಲ ಎರಡು ತಿಂಗಳಲ್ಲಿ ಹುಡುಗನಿಗೆ ಮೂರು ಸಲ ನೆಗಡಿ ಆಯಿತು. ಒಮ್ಮೆ ಐದು ದಿನ ಮನೆಯಲ್ಲೇ ಇಟ್ಟುಕೊಳ್ಳಬೇಕಾಯಿತು. ಮಗ ಸೊಸೆ ರಜೆ ಹಂಚಿಕೊಂಡರು. ಮೂರು ತುಂಬಿದ ಮೇಲೆ ನರ್ಸರಿ ನೋಡೋಣ ಅಂದುಕೊಂಡಿದ್ದಾರೆ.

ಹಿಂದಿನ ಭೇಟಿಯಲ್ಲಿ ಅಜ್ಜಿಯ ಬಿಪಿ 138/84 ಇತ್ತು. "ಈಗ ನಾಕ ಗಂಟೆ ಆತಂದ್ರ ಅವನ ದಾರಿ ಕಾಯ್ತೀನ್ರಿ ಸಾಹೇಬ್ರ. ಮದ್ಲ ಅಂವ ಯಾವಾಗ ಮಲಗ್ತಾನೋ ಅಂತ ಕಾಯ್ತಿದ್ದೆ" ಅಂದರು.

ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಆ ಒಂದು ಗಂಟೆಯ ಪ್ರಶ್ನೆ ಕೇಳಿ. ಉತ್ತರ ಹೇಳುವಾಗ ಅವ್ವನೂ ಅಲ್ಲಿ ಕೂತಿರಲಿ.

ಉಪಯೋಗ ಆಯಿತು ಅನ್ನಿಸಿದರೆ ನಿಮ್ಮ ಬಳಗದ ಗುಂಪಿಗೂ ಕಳುಹಿಸಿ. ಇದು ಸಾಮಾನ್ಯ ಮಾಹಿತಿ. ನಿಮ್ಮ ಮಗುವಿಗೆ, ನಿಮ್ಮ ಹಿರಿಯರಿಗೆ ಏನು ಬೇಕು ಎಂಬುದನ್ನು ಅವರನ್ನು ನೋಡುವ ಡಾಕ್ಟರ ಹತ್ತಿರ ಕೇಳಿ. ಅಜ್ಜಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಎಲ್ಲರೂ ಆರಾಮವಾಗಿರಿ.